‘ಐ’ ಯಾಕ್ರಿ ‘ಹಿ’ ಆಗಬೇಕು? ಹತ್ತನೇ ತರಗತಿಯ ಇಂಗ್ಲಿಷ್ ವ್ಯಾಕರಣ ಅಭ್ಯಾಸ: ಇಂಟರ್ನ್‌ಶಿಪ್‌ನ ಕೆಲವು ಟಿಪ್ಪಣಿಗಳು

ನನ್ನ ಬೋಧನಾ ವಿಷಯಗಳು ಭೌತಶಾಸ್ತ್ರ ಮತ್ತು ಗಣಿತ. ಬಿ.ಎಸ್ಸಿ. ಮುಗಿಸಿ ಬಿ.ಎಡ್. ಸೇರಿದವಳು ನಾನು. ಇಂಗ್ಲಿಷ್ ಪಾಠ ಮಾಡುತ್ತೇನೆಂದು ಎಂದೂ ಅಂದುಕೊಂಡಿರಲಿಲ್ಲ. ಚಿತ್ತಾಪುರ ತಾಲ್ಲೂಕಿನ ಒಂದು ಪ್ರೌಢಶಾಲೆಗೆ ಇಂಟರ್ನ್‌ಶಿಪ್‌ಗೆ ಹೋದಾಗ ಅಲ್ಲಿ ಇಂಗ್ಲಿಷ್ ಶಿಕ್ಷಕರ ಹುದ್ದೆ ಖಾಲಿ ಇತ್ತು. “ನೀವು ಡಿಗ್ರಿ ಇಂಗ್ಲಿಷಿನ್ಯಾಗೇ ಓದೀರಲ್ಲ, ಮುಂಜಾನಿ ವಿಶೇಷ ತರಗತಿ ತಗೋರಿ” ಎಂದು ಮುಖ್ಯಗುರುಗಳು ಹೇಳಿದರು. ಇಲ್ಲ ಎನ್ನಲು ಆಗಲಿಲ್ಲ. ಇಂಗ್ಲಿಷ್ ಮಾಧ್ಯಮದಲ್ಲಿ ಬಿ.ಎಸ್ಸಿ. ಓದುವುದಕ್ಕೂ ಇಂಗ್ಲಿಷ್ ವ್ಯಾಕರಣ ಕಲಿಸುವುದಕ್ಕೂ ಎಷ್ಟು ದೂರ ಎಂಬುದು ಮೂರನೇ ದಿನವೇ ಗೊತ್ತಾಯಿತು.

ಆ ದಿನ ಕರಿಹಲಗೆಯ ಮೇಲೆ ಒಂದು ವಾಕ್ಯ ಬರೆದೆ. ಹುಡುಗನೊಬ್ಬ ಹೇಳುತ್ತಾನೆ: ‘ಐ ವಿಲ್ ಕಮ್ ಟುಮಾರೋ’. ಇದನ್ನು ಪರೋಕ್ಷ ಕಥನಕ್ಕೆ ತರಬೇಕು. ‘ಹಿ ಸೆಡ್ ದಟ್ ಹಿ ವುಡ್ ಕಮ್ ದ ನೆಕ್ಸ್ಟ್ ಡೇ’ ಎಂದು ಉತ್ತರ ಬರೆದು, ‘ಐ’ ಇದ್ದದ್ದು ‘ಹಿ’ ಆಗಬೇಕು, ‘ವಿಲ್’ ಇದ್ದದ್ದು ‘ವುಡ್’ ಆಗಬೇಕು ಎಂದು ಹೇಳಿದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಮೇಡಂ, ಅವ ತನ್ನ ಬಾಯಿಲೆ ‘ಐ’ ಅಂದಾನ. ನಾವು ‘ಹಿ’ ಅಂತ ಬರದ್ರ ಅವನ ಮಾತು ಬದ್ಲು ಮಾಡ್ದಂಗ ಆಗಲ್ಲೇನ್ರಿ?”

ನನ್ನ ಹತ್ತಿರ ಉತ್ತರ ಇರಲಿಲ್ಲ. “ಅದು ರೂಲ್, ಹಂಗೇ ಬರೀಬೇಕು” ಎಂದೆ. ನಾನು ಹತ್ತನೇ ತರಗತಿಯಲ್ಲಿದ್ದಾಗ ನನಗೂ ಹಾಗೇ ಹೇಳಿದ್ದರು, ನಾನು ಹಾಗೇ ಬರೆದು ಪಾಸಾಗಿದ್ದೆ. ಹುಡುಗಿ ಕೂತಳು. ಮರುದಿನ ಬರಲಿಲ್ಲ, ಅದರ ಮರುದಿನವೂ ಇಲ್ಲ. ತೊಗರಿ ಕೊಯ್ಲಿನ ದಿನಗಳವು, ಅವ್ವನ ಜೊತೆ ಹೊಲಕ್ಕೆ ಹೋಗಿದ್ದಳು. ನನ್ನ ಉತ್ತರಕ್ಕೂ ಅವಳ ಗೈರುಹಾಜರಿಗೂ ಸಂಬಂಧವಿರಲಿಲ್ಲ ಎಂದು ನಂತರ ತಿಳಿಯಿತು. ಆದರೆ ಆ ಎರಡು ದಿನ ಸಂಬಂಧವಿದೆ ಎಂದೇ ಅಂದುಕೊಂಡಿದ್ದೆ.

ಪರೀಕ್ಷೆಯ ವಿಷಯ ಸ್ವಲ್ಪ ಹೇಳಬೇಕು. ಕನ್ನಡ ಮಾಧ್ಯಮದ ಹೆಚ್ಚಿನ ಮಕ್ಕಳಿಗೆ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ದ್ವಿತೀಯ ಭಾಷೆ. 80 ಅಂಕ ಲಿಖಿತ, 20 ಅಂಕ ಆಂತರಿಕ. ವ್ಯಾಕರಣ, ಶಬ್ದಸಂಪತ್ತು, ತಪ್ಪು ತಿದ್ದುವ ಪ್ಯಾರಾಗ್ರಾಫ್ ಎಲ್ಲ ಒಂದೆರಡು ಅಂಕದ ಪ್ರಶ್ನೆಗಳಾಗಿ ಬರುತ್ತವೆ. ಪದ್ಯ ಕಂಠಪಾಠ, ಪತ್ರ, ಪ್ರಬಂಧಗಳನ್ನು ಬಾಯಿಪಾಠ ಮಾಡಿ ಬರೆಯಬಹುದು. ವ್ಯಾಕರಣದ ವಾಕ್ಯ ಮಾತ್ರ ಪ್ರತಿ ವರ್ಷ ಹೊಸದು, ಅಲ್ಲಿ ಬಾಯಿಪಾಠ ಕೆಲಸ ಮಾಡುವುದಿಲ್ಲ. 2025ರ ಪರೀಕ್ಷೆ-1ರಲ್ಲಿ ನಮ್ಮ ಕಲಬುರಗಿ ಜಿಲ್ಲೆ ಶೇ. 42.43ರೊಂದಿಗೆ ರಾಜ್ಯದಲ್ಲೇ ಕೊನೆಯ ಸ್ಥಾನದಲ್ಲಿತ್ತು. ಆ ಅಂಕಿಯನ್ನು ಪೇಪರಿನಲ್ಲಿ ಓದುವುದು ಬೇರೆ, ಆ ಅಂಕಿಯೊಳಗೆ ಬರಬಹುದಾದ ಮಕ್ಕಳ ಎದುರು ಬೆಳಿಗ್ಗೆ ಎಂಟೂವರೆಗೆ ನಿಲ್ಲುವುದು ಬೇರೆ. ಆ ಹುಡುಗಿಯ ಅಣ್ಣ ಇಂಗ್ಲಿಷ್ ಮತ್ತು ಗಣಿತದಲ್ಲಿ ಫೇಲಾಗಿ ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಕೆಲಸಕ್ಕೆ ಸೇರಿದ್ದ. ಅವಳೂ ಫೇಲಾದರೆ ಮತ್ತೆ ಶಾಲೆಯ ಕಡೆ ಕಳಿಸುವುದಿಲ್ಲ ಎಂದು ಮನೆಯಲ್ಲಿ ಹೇಳಿಟ್ಟಿದ್ದರು. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಫೇಲಾದರೂ ಅವಕಾಶವಿದೆ ಎಂದು ನಾವು ಹೇಳುತ್ತೇವೆ. ಮನೆಯ ಲೆಕ್ಕ ಹಾಗಿರುವುದಿಲ್ಲ.

ಮೊದಲ ಹದಿನೈದು ದಿನ ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ. ಹಳೆಯ ಪ್ರಶ್ನೆಪತ್ರಿಕೆ ತಂದು ಒಂದು ದಿನ ಬರೀ ಪ್ಯಾಸಿವ್ ವಾಯ್ಸ್, ಇನ್ನೊಂದು ದಿನ ಬರೀ ಪರೋಕ್ಷ ಕಥನ, ಮತ್ತೊಂದು ದಿನ ಬರೀ ಆರ್ಟಿಕಲ್ ಮಾಡಿಸಿದೆ. ಮಕ್ಕಳು ಹತ್ತಕ್ಕೆ ಎಂಟು, ಒಂಬತ್ತು ತಗೊಂಡರು. ನನಗೆ ಭಾರೀ ಸಂತೋಷ. ಶನಿವಾರ ಎಲ್ಲವನ್ನೂ ಕಲಸಿ ಒಂದು ಕಿರುಪರೀಕ್ಷೆ ಕೊಟ್ಟರೆ ಅದೇ ಮಕ್ಕಳು ಹತ್ತಕ್ಕೆ ಮೂರು. ಕಾರಣ ಈಗ ಸರಳ ಅನಿಸುತ್ತದೆ. ಇಡೀ ಹಾಳೆ ಪ್ಯಾಸಿವ್ ಆಗಿದ್ದರೆ ಯೋಚಿಸುವ ಕೆಲಸವೇ ಇಲ್ಲ. ಮೊದಲನೆಯದರಲ್ಲಿ ಕೈ ಹೇಗೆ ತಿರುಗಿತೋ ಹತ್ತನೆಯದರಲ್ಲೂ ಹಾಗೇ ತಿರುಗುತ್ತದೆ. ಪರೀಕ್ಷೆಯಲ್ಲಿ ಬೇಕಾದದ್ದು ‘ಇಲ್ಲಿ ಏನು ಕೇಳಿದ್ದಾರೆ’ ಎಂದು ಗುರುತಿಸುವುದು. ಅದರ ಅಭ್ಯಾಸವನ್ನೇ ನಾನು ಮಾಡಿಸಿರಲಿಲ್ಲ. ಅಂದಿನಿಂದ ಒಂದೇ ಬಗೆಯ ಹಾಳೆ ಕೊಡುವುದನ್ನು ಬಿಟ್ಟೆ. ಎಂಟು ವಾಕ್ಯ, ಎಂಟು ಬಗೆ. ಮೊದಲ ಸುತ್ತಿನಲ್ಲಿ ಉತ್ತರ ಬರೆಯುವಂತಿಲ್ಲ, ಏನು ಕೇಳಿದ್ದಾರೆ ಎಂದು ಪಕ್ಕದಲ್ಲಿ ಕನ್ನಡದಲ್ಲಿ ಬರೆದರೆ ಸಾಕು. ಅಂಕ ಒಮ್ಮೆ ಕೆಳಗಿಳಿದು, ಆಮೇಲೆ ನಿಧಾನ ಏರಿತು.

ಅಷ್ಟಾದರೂ ತಪ್ಪುಗಳು ಉಳಿದವು. ವಿಚಿತ್ರವೆಂದರೆ ಬೇರೆ ಬೇರೆ ಮಕ್ಕಳು ಒಂದೇ ತಪ್ಪು ಮಾಡುತ್ತಿದ್ದರು. ನಕಲು ಎಂದುಕೊಂಡೆ. ಆಮೇಲೆ ಸೇಡಂ, ವಾಡಿ, ಶಹಾಬಾದ, ಚಿಂಚೋಳಿ ಕಡೆಯ ಶಾಲೆಗಳಲ್ಲಿದ್ದ ನನ್ನ ಸಹಪಾಠಿಗಳಿಗೆ ಫೋನ್ ಮಾಡಿ, ನಿಮ್ಮ ಮಕ್ಕಳ ಇಂಗ್ಲಿಷ್ ನೋಟ್‌ಬುಕ್‌ನ ತಪ್ಪುಗಳ ಫೋಟೊ ಕಳಿಸಿ ಎಂದು ಕೇಳಿದೆ. ಬಂದ ಫೋಟೊಗಳಲ್ಲಿ ಅದೇ ತಪ್ಪುಗಳು. ವಾಡಿಯ ರೈಲ್ವೆ ಕಾಲೊನಿಯ ಹುಡುಗನಿಗೂ ಚಿಂಚೋಳಿಯ ತಾಂಡಾದ ಹುಡುಗಿಗೂ ನಕಲು ಮಾಡಲು ಎಲ್ಲಿ ಸಾಧ್ಯ? ತಪ್ಪಿಗೆ ಒಂದು ಲೆಕ್ಕವಿದೆ ಎಂದು ಆಗ ಅನಿಸಿತು. ಅಂದು ನೋಟ್‌ಬುಕ್‌ನಲ್ಲಿ ಮೂರು ಕಾಲಂ ಹಾಕಿಸಿದೆ: ‘ನಾ ಬರೆದದ್ದು’, ‘ಮನೆಯಾಗ ಹೆಂಗಂತೀವಿ’, ‘ಇಂಗ್ಲಿಷಿಗೆ ಏನು ಬೇಕು’. ನಡುವಿನ ಕಾಲಂ ನಮಗೆ ಉತ್ತರ ಕೊಡತೊಡಗಿತು.

ಮೊದಲು ಆ ಹುಡುಗಿಯ ಪ್ರಶ್ನೆಗೇ ಬರುತ್ತೇನೆ. ‘ಅವ ನಾಳೆ ಬರ್ತಾನಂತ’ ಎಂಬುದನ್ನು ನಾವು ಮನೆಯಲ್ಲಿ ಹೇಗೆ ಹೇಳುತ್ತೇವೆ? “ನಾಳಿ ಬರ್ತೀನಂತ ಹೇಳ್ಯಾನ್ರಿ.” ‘ಬರ್ತೀನಿ’ ಎಂಬುದು ‘ನಾನು’ ಎಂಬುದಕ್ಕೆ ಹೊಂದುವ ಕ್ರಿಯಾಪದ. ಹೇಳಿದವನ ಮಾತನ್ನು ಇದ್ದಂತೆಯೇ ಎತ್ತಿಕೊಂಡು ಕೊನೆಗೆ ‘ಅಂತ’ ಸೇರಿಸಿಬಿಡುತ್ತೇವೆ. ನನ್ನ ತರಗತಿಯಲ್ಲಿ ಮನೆಯಲ್ಲಿ ದಖನಿ ಉರ್ದು ಆಡುವ ಮಕ್ಕಳಿದ್ದರು. ಅವರನ್ನು ಕೇಳಿದೆ. “ಮೈ ಆತೂಂ ಬೋಲ್ಕೆ ಬೋಲ್ಯಾ.” ಅಲ್ಲಿಯೂ ‘ಮೈ’ ಹಾಗೇ ಉಳಿದಿದೆ, ‘ಅಂತ’ ಇದ್ದ ಕಡೆ ‘ಬೋಲ್ಕೆ’ ಇದೆ. ಸೇಡಂ ಕಡೆ ತೆಲುಗು ಮನೆಮಾತಿನ ಮಕ್ಕಳಿರುವ ತರಗತಿಯಿಂದ ಗೆಳತಿ ಬರೆದು ಕಳಿಸಿದಳು: “ವಸ್ತಾನನಿ ಚೆಪ್ಪಾಡು.” ‘ವಸ್ತಾನು’ ಎಂದರೆ ‘ಬರುತ್ತೇನೆ’, ‘ಅನಿ’ ಎಂದರೆ ‘ಅಂತ’. ಮೂರು ಭಾಷೆ, ಒಂದೇ ಪದ್ಧತಿ. ಅಂದಮೇಲೆ ಮಕ್ಕಳು ‘ಹಿ ಸೆಡ್ ದಟ್ ಐ ವಿಲ್ ಕಮ್’ ಎಂದು ಬರೆದದ್ದು ಅಜ್ಞಾನವಲ್ಲ. ಅವರು ತಮ್ಮ ಭಾಷೆಯ ನಿಯಮವನ್ನು ತಪ್ಪಿಲ್ಲದೆ ಪಾಲಿಸಿದ್ದರು. ‘ದಟ್’ ಎಂದರೆ ‘ಅಂತ’ ಎಂದು ನಾವೇ ಹೇಳಿಕೊಟ್ಟಿದ್ದೆವು ಬೇರೆ.

ಹುಡುಗಿ ತಿರುಗಿ ಬಂದ ದಿನ ಇದನ್ನು ತರಗತಿಯಲ್ಲಿ ಆಟದ ಹಾಗೆ ಮಾಡಿದೆವು. ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಒಂದು ಮಾತು ಹೇಳುವುದು, ಕೇಳಿದವಳು ಮುಂದೆ ಬಂದು ಎಲ್ಲರಿಗೂ ಹೇಳುವುದು. ಮೊದಲು ಮನೆಯ ಮಾತಿನಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಇಂಗ್ಲಿಷಿನಲ್ಲಿ ಹೇಳುವ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಈಗ ಬಾಯಿ ಯಾರದು? ಈಗ ಹೊತ್ತು ಯಾವುದು? ಈಗ ನಿಂತ ಜಾಗ ಯಾವುದು? ಕನ್ನಡದಲ್ಲಿ ನಾವು ಹೇಳಿದವನ ಬಾಯನ್ನೇ ಎರವಲು ತರುತ್ತೇವೆ. ಇಂಗ್ಲಿಷಿನ ಪರೋಕ್ಷ ಕಥನದಲ್ಲಿ ವರದಿ ಮಾಡುವವರು ತಮ್ಮ ಬಾಯಿಯಿಂದಲೇ ಮಾತಾಡಬೇಕು. ಬಾಯಿ ನನ್ನದಾದರೆ ‘ಐ’ ಎಂದರೆ ನಾನೇ ಆಗುತ್ತೇನೆ, ಬರುವವನು ಅವನಲ್ಲ. ಆದ್ದರಿಂದ ‘ಹಿ’. ಅವನು ಹೇಳಿದ ಹೊತ್ತು ಕಳೆದುಹೋಗಿದೆ, ಆದ್ದರಿಂದ ‘ವಿಲ್’ ಹೋಗಿ ‘ವುಡ್’. ಅವನ ‘ನಾಳೆ’ ನನ್ನ ‘ನಾಳೆ’ ಆಗಿ ಉಳಿದಿಲ್ಲ, ಆದ್ದರಿಂದ ‘ದ ನೆಕ್ಸ್ಟ್ ಡೇ’. ಇಂಗ್ಲಿಷ್ ಆಡುವವರು ಅದೇ ದಿನ ವರದಿ ಮಾಡುವುದಾದರೆ ‘ಟುಮಾರೋ’ ಎಂದೇ ಹೇಳುತ್ತಾರೆ. ಪರೀಕ್ಷೆಯ ನಿಯಮ ಭಾಷೆಗಿಂತ ಬಿಗಿ. ಅದನ್ನೂ ಮಕ್ಕಳಿಗೆ ಮುಚ್ಚಿಡದೆ ಹೇಳಿದೆ. ಹುಡುಗಿ ಒಂದು ಕ್ಷಣ ಸುಮ್ಮನಿದ್ದು, “ಹಂಗಾದ್ರ ಅವನ ಮಾತು ಬದ್ಲಾಗಲ್ರಿ, ಹೇಳಾಕಿ ಬದ್ಲಾಗ್ತಾಳ” ಎಂದಳು. ನಾನು ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಪ್ಯಾಸಿವ್ ವಾಯ್ಸ್‌ಗೆ ನನ್ನ ವಿಜ್ಞಾನದ ಓದು ಸಹಾಯಕ್ಕೆ ಬಂತು. ಆಡುಮಾತಿನಲ್ಲಿ ನಾವು ಕರ್ಮಣಿ ಪ್ರಯೋಗ ಬಳಸುವುದೇ ಇಲ್ಲ ಎನ್ನಬಹುದು. ‘ರಾಮನಿಂದ ಮಾವು ತಿನ್ನಲ್ಪಟ್ಟಿತು’ ಎಂದು ನಮ್ಮೂರಲ್ಲಿ ಯಾರಾದರೂ ಹೇಳಿದರೆ ನಗುತ್ತಾರೆ. ಆದರೆ ಪ್ರಯೋಗದ ರೆಕಾರ್ಡ್ ಪುಸ್ತಕದಲ್ಲಿ ಪ್ರತಿ ಸಾಲೂ ಆ ಬಗೆಯದೇ: ‘ದ್ರಾವಣವನ್ನು ಕಾಯಿಸಲಾಯಿತು’, ‘ಅಳತೆಯನ್ನು ಬರೆದುಕೊಳ್ಳಲಾಯಿತು’. ಯಾರು ಕಾಯಿಸಿದರು ಎಂಬುದು ಮುಖ್ಯವಲ್ಲ, ಏನಾಯಿತು ಎಂಬುದು ಮುಖ್ಯ. ಇಂಗ್ಲಿಷಿನಲ್ಲೂ ಪ್ಯಾಸಿವ್ ಹೆಚ್ಚಾಗಿ ಬೇಕಾಗುವುದು ಇಂಥ ಕಡೆಯೇ. ಹಾಗಾಗಿ ‘ರಾಮ ಈಟ್ಸ್ ಎ ಮ್ಯಾಂಗೋ’ ಬಿಟ್ಟು ಸಿಮೆಂಟ್ ತಯಾರಿಕೆಗೆ ಹೋದೆವು. ಸೇಡಂ, ಮಳಖೇಡ, ವಾಡಿಗಳ ಕಾರ್ಖಾನೆಗಳ ಚಿಮಣಿ ನೋಡುತ್ತ ಬೆಳೆದ ಮಕ್ಕಳು ಇವರು. ಸುಣ್ಣದಕಲ್ಲನ್ನು ಖಣಿಯಿಂದ ತೆಗೆಯುತ್ತಾರೆ, ಪುಡಿ ಮಾಡುತ್ತಾರೆ, ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡುತ್ತಾರೆ, ಬಂದ ಕ್ಲಿಂಕರಿಗೆ ಜಿಪ್ಸಂ ಸೇರಿಸಿ ಅರೆಯುತ್ತಾರೆ. ಅಪ್ಪನೋ ಮಾವನೋ ಅಲ್ಲಿ ಕೆಲಸ ಮಾಡುವ ಮಕ್ಕಳು ನನ್ನನ್ನೇ ತಿದ್ದಿದರು. ಇಂಗ್ಲಿಷಿನಲ್ಲಿ ಬರೆಸಿದೆ: ‘ಲೈಮ್‌ಸ್ಟೋನ್ ಈಸ್ ಕ್ರಶ್ಡ್’, ‘ಇಟ್ ಈಸ್ ಹೀಟೆಡ್’, ‘ಕ್ಲಿಂಕರ್ ಈಸ್ ಗ್ರೌಂಡ್’. ‘ಗ್ರೌಂಡ್’ ಎಂದರೆ ಆಟದ ಮೈದಾನವಲ್ಲವೇ ಎಂದು ಗದ್ದಲವಾಯಿತು. ‘ಗ್ರೈಂಡ್’ ಎಂಬುದರ ಮೂರನೇ ರೂಪ ಅದು ಎಂಬುದನ್ನು ಯಾರೂ ಈಗ ಮರೆಯುವುದಿಲ್ಲ.

ಇಲ್ಲಿ ಒಂದು ತಪ್ಪು ಮತ್ತೆ ಮತ್ತೆ ಬಂತು: ‘ಸ್ಟೋನ್ಸ್ ಈಸ್ ಕ್ರಶ್ಡ್’. ‘ಈಸ್’, ‘ಆರ್’ ವ್ಯತ್ಯಾಸ ಬರುವ ಮಕ್ಕಳೇ ಇದನ್ನು ಬರೆದರು. ನಡುವಿನ ಕಾಲಂ ನೋಡಿದರೆ ಕಾರಣ ಸಿಕ್ಕಿತು. ಕನ್ನಡದಲ್ಲಿ ‘ಕಲ್ಲನ್ನು ಒಡೆಯಲಾಯಿತು’, ‘ಕಲ್ಲುಗಳನ್ನು ಒಡೆಯಲಾಯಿತು’. ಕಲ್ಲು ಒಂದಿರಲಿ ನೂರಿರಲಿ, ‘ಒಡೆಯಲಾಯಿತು’ ಬದಲಾಗುವುದಿಲ್ಲ, ಏಕೆಂದರೆ ಕಲ್ಲು ಇನ್ನೂ ಕರ್ಮವೇ, ‘ಅನ್ನು’ ಪ್ರತ್ಯಯ ಅದರ ಮೈಮೇಲೇ ಇದೆ. ಇಂಗ್ಲಿಷಿನಲ್ಲಿ ವಾಕ್ಯದ ಮುಂದೆ ಬಂದ ಕೂಡಲೇ ಕಲ್ಲು ಕರ್ತೃವಿನ ಜಾಗದಲ್ಲಿ ಕೂರುತ್ತದೆ, ಕ್ರಿಯಾಪದ ಅದರ ಮಾತು ಕೇಳಬೇಕು. ಇದೇ ‘ಅನ್ನು’ವಿನ ಇನ್ನೊಂದು ಪರಿಣಾಮವೂ ಇದೆ. ‘ಹುಡುಗನನ್ನು ನಾಯಿ ಕಚ್ಚಿತು’, ‘ನಾಯಿ ಹುಡುಗನನ್ನು ಕಚ್ಚಿತು’ ಎರಡೂ ಒಂದೇ. ಇಂಗ್ಲಿಷಿನಲ್ಲಿ ಪದ ಅದಲುಬದಲಾದರೆ ಹುಡುಗನೇ ನಾಯಿಯನ್ನು ಕಚ್ಚಿಬಿಡುತ್ತಾನೆ. ಪ್ರತ್ಯಯ ಮಾಡುವ ಕೆಲಸವನ್ನು ಅಲ್ಲಿ ಜಾಗ ಮಾಡುತ್ತದೆ. ಹೀಗೆ ಹೇಳಿದಾಗ ಮಕ್ಕಳಿಗೆ ತಮ್ಮ ಕನ್ನಡದ ವಿಭಕ್ತಿ ಪ್ರತ್ಯಯಗಳು ಯಾಕಿವೆ ಎಂಬುದು ಮೊದಲ ಸಲ ಗೊತ್ತಾದಂತೆ ಕಂಡಿತು. ನನಗೂ ಕೂಡ.

ಈ ಮಾತಿನ ನಡುವೆ ಇನ್ನೊಂದು ನೆನಪಾಗುತ್ತದೆ. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ನೃಪತುಂಗನ ಆಸ್ಥಾನದಲ್ಲಿ, ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗದ ಮೊದಲ ಪರಿಚ್ಛೇದದ ಹೆಸರೇ ‘ದೋಷಾದೋಷಾನುವರ್ಣನ ನಿರ್ಣಯ’. ಯಾವುದು ದೋಷ, ಯಾವುದು ದೋಷವಲ್ಲ ಎಂದು ವಿವರಿಸುವ ಭಾಗ. ಕನ್ನಡದಲ್ಲಿ ನಮಗೆ ಉಳಿದಿರುವ ಮೊದಲ ಗ್ರಂಥ ತಪ್ಪಿನ ವಿಚಾರದಿಂದಲೇ ಶುರುವಾಗುತ್ತದೆ. ಬರೀ ಕೆಂಪು ಗೀಟು ಎಳೆಯದೆ, ಯಾಕೆ ದೋಷ ಎಂದು ಹೇಳುವ ಪದ್ಧತಿ ನಮ್ಮ ನೆಲಕ್ಕೆ ಹೊಸದಲ್ಲ ಎಂದಷ್ಟೇ ಹೇಳಬಹುದು.

ಆರ್ಟಿಕಲ್ ವಿಷಯ. ಕನ್ನಡದಲ್ಲಿ ಅವು ಇಲ್ಲವೇ ಇಲ್ಲ, ಆದ್ದರಿಂದ ಮಕ್ಕಳು ಬಿಡುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ನನ್ನನ್ನು ಕಾಡಿದ್ದು ‘ಎ’ ಮತ್ತು ‘ಆ್ಯನ್’. ಸ್ವರದ ಧ್ವನಿ ಮುಂದಿದ್ದರೆ ‘ಆ್ಯನ್’ ಎಂಬ ನಿಯಮ ಹೇಳಿ, ‘ಅಕ್ಷರ ನೋಡಬ್ಯಾಡ್ರಿ, ಬಾಯಿಲೆ ಅಂದು ನೋಡ್ರಿ’ ಎಂದೆ. ಜಾಣ ಹುಡುಗನೊಬ್ಬ ‘ಎ ಎಗ್’ ಎಂದು ಬರೆದ. ಬಾಯಿಂದ ಹೇಳು ಎಂದರೆ “ಯೆಗ್” ಎಂದ. ನಿಯಮದ ಪ್ರಕಾರ ಅವನೇ ಸರಿ! ನಾವು ‘ಎಲ್ಲಿ’ ಎಂಬುದನ್ನು ‘ಯೆಲ್ಲಿ’, ‘ಒಂದು’ ಎಂಬುದನ್ನು ‘ವಂದು’ ಎನ್ನುತ್ತೇವೆ. ಪದದ ಮೊದಲ ‘ಎ’ಗೆ ಯಕಾರ, ‘ಒ’ಗೆ ವಕಾರ ತಾನಾಗಿ ಸೇರಿಕೊಳ್ಳುತ್ತದೆ. ಹಾಗಾಗಿ ‘ಎಗ್’, ‘ಎಂಜಿನ್’, ‘ಓಲ್ಡ್’ ಪದಗಳಲ್ಲಿ ಮಾತ್ರ ಈ ತಪ್ಪು ಹೆಚ್ಚು. ‘ಆ್ಯಪಲ್’, ‘ಅಂಬ್ರೆಲಾ’ ಪದಗಳಲ್ಲಿ ಇಲ್ಲ. ಆ ಯಕಾರ ನಮ್ಮದು, ಇಂಗ್ಲಿಷಿನದಲ್ಲ ಎಂದು ತೋರಿಸಿಕೊಟ್ಟಮೇಲೆ ಮಕ್ಕಳು ಒಬ್ಬರನ್ನೊಬ್ಬರು ಹಿಡಿಯತೊಡಗಿದರು. ನನ್ನನ್ನೂ ಹಿಡಿದರು. ಪಾಠದ ನಡುವೆ ನಾನು “ಯೆಕ್ಸಾಂ” ಎಂದಿದ್ದೆ.

ಉಚ್ಚಾರಾಂಶದ ಪ್ರಶ್ನೆಯಲ್ಲೂ ಇದೇ ಕಥೆ. ಒಂದೇ ಉಚ್ಚಾರಾಂಶ ಇರುವ ಪದ ಯಾವುದು ಎಂದು ಕೇಳುತ್ತಾರೆ. ‘ಸ್ಕೂಲ್’ ಒಂದು ಉಚ್ಚಾರಾಂಶ. ಆದರೆ ನಮ್ಮ ಕಡೆ ಅದು ‘ಇಸ್ಕೂಲ್’, ಎರಡು. ‘ಬಸ್’ ಒಂದು, ನಮ್ಮ ‘ಬಸ್ಸು’ ಎರಡು. ‘ಪೆನ್’ ಒಂದು, ‘ಪೆನ್ನು’ ಎರಡು. ವಾಡಿ ಜಂಕ್ಷನ್ನಿನ ಹತ್ತಿರದ ಮಕ್ಕಳಿಗೆ ‘ಸ್ಟೇಷನ್’ ದಿನನಿತ್ಯದ ಪದ, ಅದಕ್ಕೇ ಅದು ‘ಇಸ್ಟೇಷನ್’ ಆಗಿ ಗಟ್ಟಿಯಾಗಿ ಕೂತಿದೆ ಎಂದು ಅಲ್ಲಿದ್ದ ಗೆಳೆಯ ಬರೆದಿದ್ದ. ಗೊತ್ತಿಲ್ಲದ ಪದಗಳಲ್ಲಿ ಮಕ್ಕಳು ಸರಿಯಾಗಿ ಎಣಿಸಿ, ಗೊತ್ತಿರುವ ಪದಗಳಲ್ಲೇ ತಪ್ಪುವುದು ಹೀಗೆ. ಗದ್ದದ ಕೆಳಗೆ ಕೈ ಇಟ್ಟು ಎಷ್ಟು ಸಲ ಗದ್ದ ಇಳಿಯಿತು ಎಂದು ಎಣಿಸುವ ಉಪಾಯ ಎಲ್ಲ ಪುಸ್ತಕಗಳಲ್ಲಿದೆ. ಮೊದಲು ಪದಕ್ಕೆ ಹಚ್ಚಿದ ನಮ್ಮ ಸ್ವರವನ್ನು ತೆಗೆಯದಿದ್ದರೆ ಗದ್ದವೂ ಸುಳ್ಳು ಹೇಳುತ್ತದೆ.

ಲೇಖನಚಿಹ್ನೆಗೆ ಬಂದರೆ, ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರ ಇಲ್ಲ. ಲಂಬಾಣಿಗೆ ಸ್ವಂತ ಲಿಪಿಯೇ ಇಲ್ಲದ್ದರಿಂದ ತಾಂಡಾದ ಮಕ್ಕಳೂ ಕನ್ನಡ ಅಕ್ಷರದ ಮೂಲಕವೇ ಬರಹಕ್ಕೆ ಬಂದವರು. ಅಲ್ಪವಿರಾಮ, ಪ್ರಶ್ನಾರ್ಥಕ ಚಿಹ್ನೆಗಳು ಹಳೆಯ ತಾಳೆಗರಿಗಳಲ್ಲಿ ಇರಲಿಲ್ಲ. ಅಚ್ಚಿನ ಕಾಲದಲ್ಲಿ ಇಂಗ್ಲಿಷ್ ಬರವಣಿಗೆಯಿಂದ ನಮಗೆ ಬಂದವು. ಅವಿಲ್ಲದೆಯೂ ಕನ್ನಡ ನಡೆಯುತ್ತದೆ. ‘ಬಂದನಾ’ ಎಂಬಲ್ಲಿ ಕೊನೆಯ ‘ಆ’ ಪ್ರಶ್ನೆಯನ್ನು ತಾನೇ ಹೇಳುತ್ತದೆ, ‘ಅಪ್ಪನೂ ಅವ್ವನೂ’ ಎಂಬಲ್ಲಿ ‘ಊ’ ಜೋಡಿಸುವ ಕೆಲಸ ಮಾಡುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸದ ಒಂದು ಪಾಲು ಚಿಹ್ನೆಯ ಮೇಲಿದೆ ಎಂದರೆ ಮಕ್ಕಳು ಅದನ್ನು ಅಲಂಕಾರ ಎಂದುಕೊಳ್ಳುವುದಿಲ್ಲ. ವಾಕ್ಯದ ನಡುವೆ ಇದ್ದರೂ ‘ಐ’ ದೊಡ್ಡಕ್ಷರವೇ ಆಗಬೇಕು ಎಂದಾಗ ಬಂದ ಪ್ರಶ್ನೆ: “ನನಗ ದೊಡ್ಡದು, ‘ಯೂ’ಗ ಸಣ್ಣದು. ಎದುರಿನೋರಿಗೆ ಮರ್ಯಾದಿ ಬ್ಯಾಡೇನ್ರಿ?” ನಕ್ಕು ಮುಂದೆ ಹೋದೆವು. ತಪ್ಪು ತಿದ್ದುವ ಪ್ಯಾರಾಗ್ರಾಫಿನಲ್ಲಿ ಏನು ತಿದ್ದಬೇಕೆಂಬ ಸುಳಿವನ್ನು ಪ್ರಶ್ನೆಪತ್ರಿಕೆಯೇ ಕೊಡುತ್ತದೆ, ಅದನ್ನು ಓದದೆ ಬರೆಯುವವರೇ ಹೆಚ್ಚು. ಅದಕ್ಕೆ ಬೇಕಾದದ್ದು ವ್ಯಾಕರಣಕ್ಕಿಂತ ತಾಳ್ಮೆ.

ಶಬ್ದಸಂಪತ್ತಿಗೆ ನಾನು ಪಟ್ಟಿ ಕೊಡುವುದನ್ನು ನಿಲ್ಲಿಸಿದೆ. ಮಕ್ಕಳ ಮನೆಯಲ್ಲೇ ಇಂಗ್ಲಿಷ್ ಪದಗಳು ತುಂಬಿವೆ: ಲೋಡ್, ಅನ್‌ಲೋಡ್, ಶಿಫ್ಟ್, ಪ್ಲಾಂಟ್, ಪಾಲಿಶ್, ಕ್ರಷರ್, ಡ್ರೈವರ್, ಸಿಗ್ನಲ್. ‘ಅನ್‌’ ಎಂಬ ಪೂರ್ವಪ್ರತ್ಯಯ ವಿರುದ್ಧಾರ್ಥ ಕೊಡುತ್ತದೆ ಎಂದು ವಿವರಿಸುವ ಅಗತ್ಯವೇ ಬೀಳಲಿಲ್ಲ. ಲಾರಿಯಿಂದ ಚೀಲ ಇಳಿಸುವುದನ್ನು ನೋಡಿದ ಮಕ್ಕಳಿಗೆ ‘ಅನ್‌ಲೋಡ್’ ಗೊತ್ತು. ಅಲ್ಲಿಂದ ‘ಅನ್‌ಟೈ’, ‘ಅನ್‌ಲಾಕ್’, ‘ಅನ್‌ಹ್ಯಾಪಿ’. ಡ್ರೈವರ್, ಕ್ರಷರ್‌ಗಳಿಂದ ‘ಅರ್’ ಪ್ರತ್ಯಯ. ‘ಪ್ಲಾಂಟ್’ ಎಂದರೆ ಕಾರ್ಖಾನೆಯೂ ಹೌದು, ಗಿಡವೂ ಹೌದು.

ಜೊತೆಪದಗಳಲ್ಲಿ ಮಾತ್ರ ಕನ್ನಡದ ‘ಮಾಡು’ ನಮ್ಮನ್ನು ಸಿಕ್ಕಿಸುತ್ತದೆ. ಊಟ ಮಾಡು, ಸ್ನಾನ ಮಾಡು, ತಪ್ಪು ಮಾಡು, ಫೋನ್ ಮಾಡು, ಅಡಿಗಿ ಮಾಡು, ಕೆಲಸ ಮಾಡು. ಎಲ್ಲದಕ್ಕೂ ಒಂದೇ ಕ್ರಿಯಾಪದ. ಇಂಗ್ಲಿಷಿನಲ್ಲಿ ಊಟಕ್ಕೆ ‘ಹ್ಯಾವ್’, ಸ್ನಾನಕ್ಕೆ ‘ಟೇಕ್’ ಅಥವಾ ‘ಹ್ಯಾವ್’, ತಪ್ಪಿಗೆ ‘ಮೇಕ್’, ಕೆಲಸಕ್ಕೆ ‘ಡು’, ಅಡಿಗೆಗೆ ಮತ್ತು ಫೋನಿಗೆ ಬೇರೆ ಕ್ರಿಯಾಪದಗಳೇ. ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿ ‘ಮಾಡು’ ಎಂದು ನಡುವೆ ಬರೆದೆವು. ಸಿಕ್ಕಿದ ಪ್ರತಿ ಹೊಸ ಜೋಡಿಯನ್ನು ಮಕ್ಕಳೇ ಸೇರಿಸಿದರು. ‘ಜೋರು ಮಳೆ’ಗೆ ‘ಸ್ಟ್ರಾಂಗ್ ರೇನ್’ ಅಲ್ಲ ‘ಹೆವಿ ರೇನ್’ ಎಂಬುದು ಪಕ್ಕದ ಹಾಳೆಗೆ ಹೋಯಿತು. ಕ್ವೆಶ್ಚನ್ ಟ್ಯಾಗ್‌ಗೂ ಕಾರಣ ಹೀಗೇ ಸಿಕ್ಕಿತು: ನಮ್ಮಲ್ಲಿ ಎಲ್ಲ ವಾಕ್ಯಕ್ಕೂ ‘ಹೌದಿಲ್ಲೋ’ ಒಂದೇ, ತೆಲುಗಿನಲ್ಲಿ ‘ಕದಾ’ ಒಂದೇ.

ಎಲ್ಲ ತಪ್ಪಿಗೂ ಮನೆಮಾತೇ ಕಾರಣ ಎಂದು ನಾನು ಹೇಳುತ್ತಿಲ್ಲ. ನಮ್ಮ ಪಠ್ಯದಲ್ಲಿ ರಾಬರ್ಟ್ ಲ್ಯಾಡೊ ಅವರ 1957ರ ಪುಸ್ತಕದ ಹೆಸರು ಬರುತ್ತದೆ. ಎರಡು ಭಾಷೆ ಹೋಲಿಸಿದರೆ ಕಷ್ಟ ಎಲ್ಲಿದೆ ಎಂದು ಮುಂಚೆಯೇ ಹೇಳಬಹುದು ಎಂಬುದು ಅವರ ವಾದ. 1967ರಲ್ಲಿ ಎಸ್. ಪಿ. ಕಾರ್ಡರ್, ಕಲಿಯುವವರ ತಪ್ಪು ಅವರು ಕಟ್ಟಿಕೊಳ್ಳುತ್ತಿರುವ ನಿಯಮದ ಗುರುತು ಎಂದರು. ಪರೀಕ್ಷೆಗಾಗಿ ಇವನ್ನು ಓದಿ ಮರೆತಿದ್ದೆ. ‘ಹಿ ಗೋಡ್’, ‘ಶಿ ಕಮ್ಡ್’ ಎಂದು ಬರೆದ ಮಕ್ಕಳ ನಡುವಿನ ಕಾಲಂ ಖಾಲಿ ಉಳಿದಾಗ ಕಾರ್ಡರ್ ನೆನಪಾದರು. ಇಲ್ಲಿ ಕನ್ನಡದ ಪಾತ್ರವಿಲ್ಲ, ಇಂಗ್ಲಿಷಿನ ಒಂದು ನಿಯಮವನ್ನೇ ಎಲ್ಲೆಡೆ ಹಚ್ಚಿದ್ದಾರೆ. ಅದಕ್ಕೆ ಮದ್ದು ಬೇರೆ: ಆ ಕ್ರಿಯಾಪದಗಳನ್ನು ಬಾಯಿಪಾಠ ಮಾಡುವುದೇ. ಹಾಗೆಯೇ ಎಲ್ಲರ ಮನೆಮಾತೂ ಒಂದೇ ಅಲ್ಲ. ‘ಶಿ’ ಇರಬೇಕಾದಲ್ಲಿ ‘ಹಿ’ ಬರೆಯುವ ತಪ್ಪು ಶಹಾಬಾದಿನ ಫೋಟೊಗಳಲ್ಲಿ ಜಾಸ್ತಿ ಇತ್ತು. ಉರ್ದುವಿನಲ್ಲಿ ಅವನಿಗೂ ಅವಳಿಗೂ ‘ವೋ’ ಒಂದೇ. ಕನ್ನಡ ಮಾತ್ರ ಬರುವ ಶಿಕ್ಷಕಿ ಇದನ್ನು ಅಜಾಗರೂಕತೆ ಎಂದೇ ಎಣಿಸುತ್ತಾಳೆ. ನಾನೂ ಎಣಿಸಿದ್ದೆ.

ಪಾಠ ವೀಕ್ಷಣೆಗೆ ಬಂದವರು ನನ್ನ ಹಾಳೆಯಲ್ಲಿ ‘ಇಂಗ್ಲಿಷ್ ತರಗತಿಯಲ್ಲಿ ಕನ್ನಡದ ಬಳಕೆ ಹೆಚ್ಚಾಯಿತು’ ಎಂದು ಬರೆದು ಅಂಕ ಕಡಿಮೆ ಮಾಡಿದರು. ಅವರ ಮಾತಿನಲ್ಲಿ ಅರ್ಧ ನಿಜವಿದೆ. ಮಕ್ಕಳು ಇಂಗ್ಲಿಷ್ ಕೇಳುವುದು ತರಗತಿಯಲ್ಲಿ ಮಾತ್ರ, ಆ ಹೊತ್ತನ್ನೂ ನಾನು ಕನ್ನಡಕ್ಕೆ ಕೊಟ್ಟಿದ್ದೆ. ಅದಾದಮೇಲೆ ಕಾರಣವನ್ನು ಮೊದಲ ಹತ್ತು ನಿಮಿಷ ಕನ್ನಡದಲ್ಲಿ, ಉಳಿದ ಅಭ್ಯಾಸ ಇಂಗ್ಲಿಷಿನಲ್ಲಿ ಎಂದು ಹಂಚಿಕೊಂಡೆ. ಆದರೆ ಕನ್ನಡವನ್ನು ಪೂರ್ತಿ ಹೊರಗಿಡಲು ನಾನು ಒಪ್ಪುವುದಿಲ್ಲ. ಬಹುಭಾಷಿಕತೆ ತರಗತಿಯ ಸಂಪನ್ಮೂಲ ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೇ ಹೇಳುತ್ತದೆ. ಅದನ್ನು ನಾವು ಹತ್ತು ಅಂಕದ ಪ್ರಶ್ನೆಗೆ ಉತ್ತರವಾಗಿ ಬರೆಯುತ್ತೇವೆ.

ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುವಾಗ ನಾನೂ ಕೂತಿದ್ದೆ. ಆ ಹುಡುಗಿಯ ಪತ್ರಿಕೆ ಹುಡುಕಿ ನೋಡಿದೆ. ಪ್ಯಾಸಿವ್ ಸರಿ. ಆರ್ಟಿಕಲ್ ಒಂದು ಸರಿ, ಒಂದು ತಪ್ಪು. ಪರೋಕ್ಷ ಕಥನದಲ್ಲಿ ಈ ಸಲ ಬಂದದ್ದು ಅವ್ವ ಮಗಳಿಗೆ ಹೇಳುವ ಮಾತು. ‘ಐ’ ಹೋಗಿ ‘ಶಿ’ ಬಂದಿತ್ತು, ಕಾಲ ಬದಲಾಗಿತ್ತು, ‘ಟುಡೇ’ ಎಂಬುದು ‘ದಟ್ ಡೇ’ ಆಗಿತ್ತು. ಒಟ್ಟಿನಲ್ಲಿ ಪಾಸಾಗುವ ಗೆರೆಯ ಸ್ವಲ್ಪ ಮೇಲೆ ಇದ್ದಳು. ಮಾರ್ಚಿನ ಪರೀಕ್ಷೆ ಇನ್ನೂ ಮುಂದಿದೆ, ನನ್ನ ಇಂಟರ್ನ್‌ಶಿಪ್ ಮುಗಿದಿದೆ.

ಕೊನೆಯ ದಿನ ಮೂರು ಕಾಲಂನ ನೋಟ್‌ಬುಕ್ ತೋರಿಸಲು ಬಂದಳು. ನಡುವಿನ ಕಾಲಂನಲ್ಲಿ ಒಂದು ಹೊಸ ಸಾಲು ಬರೆದಿದ್ದಳು: ‘ನನಗ ಇಬ್ರು ಅಣ್ಣಂದಿರು ಅದ್ದಾರ’. ಪಕ್ಕದಲ್ಲಿ ‘ಐ ಹ್ಯಾವ್ ಟೂ ಬ್ರದರ್ಸ್’. “ಮೇಡಂ, ಕನ್ನಡದಾಗ ಅಣ್ಣಂದಿರು ತಾವೇ ಅದ್ದಾರ್ರಿ. ಇಂಗ್ಲಿಷಿನ್ಯಾಗ ನಾ ಅವರನ್ನ ಇಟ್ಟುಕೊಂಡಂಗ ಯಾಕ್ರಿ?” ನಾಳೆ ಹೇಳುತ್ತೇನೆ ಎನ್ನಲು ನನಗೆ ನಾಳೆ ಇರಲಿಲ್ಲ. ಆ ಶಾಲೆಗೆ ಮುಂದಿನ ತಂಡದಲ್ಲಿ ಹೋಗುವವರ ಹತ್ತಿರ ಉತ್ತರವಿದ್ದರೆ, ಅವಳ ಮನೆ ಶಾಲೆಯ ಹಿಂದಿನ ಓಣಿಯಲ್ಲೇ ಇದೆ.